ಕಿವಿಗುರುತಿಲ್ಲದ ಹಿಂಡು

ಹೂಸ್ವಿಕ್, ದಕ್ಷಿಣ ಜಾರ್ಜಿಯಾ ದ್ವೀಪ
ಫೆಬ್ರವರಿ 16, ಶನಿವಾರ

ಅಮ್ಮಾ,

ನೀನು ಈ ಕಾಗದ ಒಡೆಯುತ್ತೀಯೋ, ಹಾಗೇ ಒಲೆಯ ಪಕ್ಕ ಎಸೆದು ಸುಮ್ಮನಿರುತ್ತೀಯೋ ಗೊತ್ತಿಲ್ಲ. ಆದರೂ ಬರೆಯುತ್ತಿದ್ದೇನೆ. ಹಿಂದಿನ ಮೂರಕ್ಕೂ ಉತ್ತರ ಬರಲಿಲ್ಲ. ಹಡಗು ಬಂದಾಗೆಲ್ಲ ಟಪಾಲು ಚೀಲ ಬಿಚ್ಚುವವರ ಬೆನ್ನ ಹಿಂದೆ ನಿಂತು ಇಣುಕುತ್ತೇನೆ. ಈ ಸಲ ಇಸ್ಸಾತ್ ಮಾವನಿಗೆ ಅತ್ತೆಯಿಂದ ಕಾಫಿಪುಡಿಯ ಪೊಟ್ಟಣ ಬಂತು. ಅದಕ್ಕೆ ಸುತ್ತಿದ್ದ ಪತ್ರಿಕೆಯಲ್ಲಿ ನಮ್ಮೂರು ಮಾಝೆಯಲ್ಲಿ ಹಿಮ ಬಿದ್ದ ಸುದ್ದಿ ಇತ್ತು. ಅದನ್ನೇ ಎರಡು ಸಲ ಓದಿದೆ.

ನಿನ್ನ ತಮ್ಮನ ವಿಷಯ ಮೊದಲು ಹೇಳಿಬಿಡುತ್ತೇನೆ, ನಿನಗೆ ಬೇಕಾದದ್ದು ಅದೊಂದೇ ಇರಬಹುದು. ಮಾವನ ಕೆಮ್ಮು ಹೋಗಿದೆ, ಹೊಟ್ಟೆ ಬಂದಿದೆ. ಹಡಗಿನಿಂದ ಇಳಿಯುವ ಮುಂಚೆ ಇಲ್ಲಿ ಎಲ್ಲರ ಜೇಬು, ಬೂಟು, ಕೋಟಿನ ಹೊಲಿಗೆ ಎಲ್ಲ ಕೆದಕಿ ನೋಡುತ್ತಾರೆ, ಹೊರಗಿನ ಒಂದು ಬೀಜವೂ ದ್ವೀಪಕ್ಕೆ ಬರಬಾರದೆಂದು. ಮಾವ ಹಾಕಿಕೊಂಡಿದ್ದದ್ದು ಅವನ ಹಳೇ ತೊಗಲಿನ ಬೂಟು. ಒಳಗೆ ಕಾಲು ಬೆಚ್ಚಗಿರಲೆಂದು ನೀನೇ ಒಣಗಿಸಿ ಬಡಿದು ತುಂಬಿಕೊಟ್ಟ ಹುಲ್ಲು. ಮೊರ್ವೆನಾ ಅದನ್ನು ನೋಡಿ ಎದೆ ಹಿಡಿದುಕೊಂಡಳು. ಪೂರಾ ಹುಲ್ಲು ಎಳೆದು ಸುಟ್ಟರು. ಮಾವ ಬರಿಗಾಲಲ್ಲಿ ನಿಂತು, "ಕಾಲಲ್ಲೂ ಊರಿನ ಮಣ್ಣಿದೆ ಕಣಮ್ಮ, ಕತ್ತರಿಸಿ ಕೊಡ್ಲಾ?" ಅಂದ. ಆವತ್ತಿನಿಂದ ಅವರಿಬ್ಬರೂ ದೋಸ್ತಿ.

ಮೊರ್ವೆನಾ ಯಾರೆಂದರೆ ಇಲ್ಲಿಯ ಹಕ್ಕಿಗಳ ಲೆಕ್ಕ ಇಡುವವಳು. ನಿನಗಿಂತ ನಾಲ್ಕೈದು ವರ್ಷ ಚಿಕ್ಕವಳಿರಬೇಕು. ಹದಿನಾಲ್ಕು ಬೇಸಿಗೆ ಈ ದ್ವೀಪದಲ್ಲೇ ಕಳೆದಿದ್ದಾಳೆ. ನಮ್ಮ ತಂಡಕ್ಕೆ ಯಜಮಾನ ಹಾಲ್ವರ್, ಓಸ್ಲೋ ಕಡೆಯವನು, ಮಾತು ಕಡಿಮೆ. ಉಳಿದ ನಾವೆಲ್ಲ ನಮ್ಮ ಕಡೆಯ ಹಿಮಸಾರಂಗ ಮೇಯಿಸುವವರೇ.

ಹಿಂಡು ಕೂಡಿಸಿದ್ದನ್ನು ನೀನು ನೋಡಬೇಕಿತ್ತು ಅಮ್ಮ. ನಾಯಿ ತರುವಂತಿಲ್ಲ. ಏಳು ಜನ, ಕಾಲ್ನಡಿಗೆ. ಹಿಮದ ಬೆಟ್ಟದಿಂದ ಗಾಳಿ ಒಮ್ಮೆಲೇ ಇಳಿದುಬಿಡುತ್ತದೆ, ಕೂತ ಮನುಷ್ಯನನ್ನೂ ಉರುಳಿಸುತ್ತದೆ. ಎರಡು ಮೈಲಿ ಉದ್ದ ಗೋಣಿತಾಟು ಕಟ್ಟಿ ಬೇಲಿ ಮಾಡಿದೆವು. ಬೆಳಿಗ್ಗೆ ಕಟ್ಟಿದ್ದು ಮಧ್ಯಾಹ್ನಕ್ಕೆ ಹಡಗಿನ ಹಾಯಿಯ ಹಾಗೆ ಉಬ್ಬಿ ಹರಿಯುತ್ತಿತ್ತು, ಮತ್ತೆ ಹೊಲಿಯುತ್ತಿದ್ದೆವು. ತಿಮಿಂಗಿಲ ಬೇಯಿಸುತ್ತಿದ್ದ ಹಳೇ ಕಾರ್ಖಾನೆಯ ತುಕ್ಕು ಗೋಡೆಯ ಕೆಳಗೆ ದೊಡ್ಡಿ ಮಾಡಬೇಕಿತ್ತು, ಅಲ್ಲಿ ಆನೆಸೀಲ್ ಅನ್ನುವ ಮೂರು ದೈತ್ಯ ಕಡಲಪ್ರಾಣಿ ಬಿದ್ದುಕೊಂಡಿದ್ದವು. ತಳ್ಳಿದರೂ ಇಲ್ಲ, ಕೂಗಿದರೂ ಇಲ್ಲ, ಒಂದು ತೇಗಿತು ಅಷ್ಟೇ. ಮಾವ, "ಇದು ನಿನ್ನ ದೊಡ್ಡಪ್ಪನ ವಂಶ ಕಣೇ, ಊಟ ಆದ್ಮೇಲೆ ಏಳಲ್ಲ. ಬೇಲಿನೇ ಸುತ್ತು ಹಾಕಿಸು" ಅಂದ. ಸುತ್ತು ಹಾಕಿದೆವು.

ಇಲ್ಲಿಯ ಹಿಮಸಾರಂಗಗಳು ಮನುಷ್ಯರ ಕೈ ಕಂಡವಲ್ಲ. ನೂರು ವರ್ಷದ ಹಿಂದೆ ತಿಮಿಂಗಿಲ ಬೇಟೆಯವರು ನಮ್ಮ ದೇಶದಿಂದ ಹತ್ತೋ ಹನ್ನೆರಡೋ ತಂದು, ಮಾಂಸಕ್ಕಿರಲಿ ಎಂದು ಬಿಟ್ಟು ಹೋದದ್ದು. ಈಗ ಸಾವಿರಾರು. ಕಿವಿಗಳೆಲ್ಲ ಪೂರಾ, ಒಂದರಲ್ಲೂ ಕೊಯ್ದ ಗುರುತಿಲ್ಲ. ಯಾರ ಮನೆಯದೂ ಅಲ್ಲ. ಮೊದಲ ದಿನ ನಮ್ಮನ್ನು ನೋಡಿ ದಿಕ್ಕಾಪಾಲಾಗಿ ಓಡಿದವು. ಆಮೇಲೆ ಮಾವ ಗುಡ್ಡದ ಮೇಲೆ ನಿಂತು, ನಾವು ಮನೆಯಲ್ಲಿ ಕರೆಯುತ್ತೇವಲ್ಲ, ಹಾಗೆ ಕರೆದ. ಅಷ್ಟು ದೂರದಲ್ಲಿ ಮುಂದಿನ ಹೆಣ್ಣು ನಿಂತುಬಿಟ್ಟಿತು. ತಿರುಗಿ ಕಿವಿ ನಿಮಿರಿಸಿತು. ಅದರ ಹಿಂದೆ ಇಡೀ ಹಿಂಡು ನಿಂತಿತು. ಮಾವ ನನ್ನ ಕಡೆ ನೋಡಲಿಲ್ಲ. "ಗಾಳಿಗೆ ಕಣ್ಣಲ್ಲಿ ನೀರು" ಅಂದ.

ಆಮೇಲೆ ದೊಡ್ಡಿಯೊಳಗಿನ ಕೆಲಸ. ಅದನ್ನು ಬರೆಯುವುದಿಲ್ಲ. ಮಾವ ಒಂದನ್ನೂ ನರಳಿಸಲಿಲ್ಲ, ಪ್ರತಿಯೊಂದರ ಹಣೆ ಮುಟ್ಟಿ ಏನೋ ಹೇಳುತ್ತಿದ್ದ ಅನ್ನುವುದಷ್ಟು ನಿನಗೆ ಗೊತ್ತಿರಲಿ.

ಹೊರಡುವ ದಿನ ನೀನು ಅಂದದ್ದು ನನಗೆ ಮರೆತಿಲ್ಲ. "ಸಾರಂಗ ಸಾಯಿಸೋಕೆ ಭೂಮಿ ತುದಿವರೆಗೂ ಹೋಗ್ತೀಯಾ? ಹೋಗು. ಮೂರು ವರ್ಷದ ಹಿಂದೆ ಮನೆ ಮುಂದೆನೇ ನಿಂತು ಮಾಡಿದ್ಯಲ್ಲ, ನಿನಗೆ ಅಭ್ಯಾಸ ಆಗಿದೆ." ಊರಿನ ಹಿಂಡುಗಳ ಸಂಖ್ಯೆ ಇಳಿಸಬೇಕೆಂದು ಸರ್ಕಾರದ ಆದೇಶ ಬಂದಾಗ ನಾನು ಅದೇ ಲೆಕ್ಕದ ಕಚೇರಿಯ ಕೆಲಸದಲ್ಲಿದ್ದೆ, ಪಟ್ಟಿ ಹಿಡಿದು ಎಣಿಸುವವರ ಸಾಲಿನಲ್ಲಿ ನಿಂತಿದ್ದೆ. ಕಡಿಯಬೇಕಾದದ್ದನ್ನು ನೀನು ಒಂದೊಂದಾಗಿ ಕೈ ತೋರಿಸಿ ಆರಿಸಿಕೊಟ್ಟೆ. ಆಮೇಲೆ ಎಲ್ಲರಿಗೂ ಕಾಫಿ ಬಗ್ಗಿಸಿದೆ, ನನ್ನ ಲೋಟ ಬಿಟ್ಟು.

ಆದರೆ ಇಲ್ಲಿಯದು ಬೇರೆ ಅಮ್ಮ, ಅದನ್ನು ನಿನಗೆ ತಿಳಿಸಲೇಬೇಕು. ಮೊರ್ವೆನಾ ನನ್ನನ್ನು ಎರಡು ಕಡೆ ಕರೆದುಕೊಂಡು ಹೋದಳು. ಸಾರಂಗ ಮೇಯ್ದ ಕಡೆ ಗುಡ್ಡವೆಲ್ಲ ಬೋಳಿಸಿ ಬಿಟ್ಟ ತಲೆಯ ಹಾಗಿತ್ತು. ಹಕ್ಕಿಗಳು ನೆಲದೊಳಗೆ ಬಿಲ ಕೊರೆದು ಮೊಟ್ಟೆ ಇಡುತ್ತವೆ ಇಲ್ಲಿ. ಹುಲ್ಲು ಹೋದರೆ ಬಿಲ ಕುಸಿಯುತ್ತದೆ. ಅವಳು ಒಂದು ಕುಸಿದ ಬಿಲಕ್ಕೆ ಭುಜದವರೆಗೂ ಕೈ ಹಾಕಿ ಚಪ್ಪಟೆಯಾದ ಬೂದು ಮರಿಯೊಂದನ್ನು ತೆಗೆದಳು. ಮತ್ತೆ ಒಳಗಿಟ್ಟು ಮಣ್ಣು ಮುಚ್ಚಿದಳು. ಹಿಮನದಿಯ ಆಚೆ ದಡದಲ್ಲಿ ಸಾರಂಗ ಕಾಲಿಟ್ಟೇ ಇಲ್ಲ. ಅಲ್ಲಿ ಹುಲ್ಲು ನನ್ನ ತಲೆಗಿಂತ ಎತ್ತರ. ಹೆಜ್ಜೆ ಇಟ್ಟಲ್ಲೆಲ್ಲ ನೆಲದ ಕೆಳಗೆ ಸಂಸಾರ. ಈಗ ಆ ಹಿಮನದಿ ವರ್ಷವರ್ಷ ಹಿಂದೆ ಸರಿಯುತ್ತಿದೆ, ಅದರ ಮೂತಿಯ ಕೆಳಗೆ ಜಲ್ಲಿಯ ಹಾದಿಯೊಂದು ಬಿಟ್ಟುಕೊಂಡಿದೆ. ಸಾರಂಗ ಅದನ್ನು ದಾಟಿದರೆ ಇಡೀ ದ್ವೀಪವೇ ಹೋಯಿತು.

ಇವತ್ತು ಹಾಲ್ವರ್ ಗೋಡೆಯ ಮೇಲಿನ ಹಲಗೆಯಲ್ಲಿ ದೊಡ್ಡದಾಗಿ ಸೊನ್ನೆ ಬರೆದ. ನಮ್ಮ ಕಡೆಯ ದಡದಲ್ಲಿ ಒಂದೂ ಉಳಿದಿಲ್ಲ. ಮೊರ್ವೆನಾ ಕೇಕ್ ಮಾಡಿದಳು, ನನ್ನನ್ನು ತಬ್ಬಿಕೊಂಡು ಅತ್ತಳು. ಎಲ್ಲ ಚೆನ್ನಾಗಿ ಆಯಿತು. ನಾನೂ ಚೆನ್ನಾಗಿದ್ದೇನೆ. ಹಡಗು ಇಪ್ಪತ್ತೆರಡಕ್ಕೆ.

ಇಷ್ಟು ಬರೆಯುವುದರೊಳಗೆ ಆರು ಸಲ ಎದ್ದು ಬಾಗಿಲಿಗೆ ಹೋಗಿ ಬಂದಿದ್ದೇನೆ. ಕೂತಲ್ಲಿ ಕೂರಲಾಗುತ್ತಿಲ್ಲ. ಗಾಳಿ ಇರಬೇಕು.

ಭಾನುವಾರ, 17

ನಿನ್ನೆ ಬರೆದದ್ದನ್ನು ಹರಿದು ಹಾಕೋಣವೆಂದು ತೆಗೆದೆ, ಹರಿಯಲಿಲ್ಲ. ಅದು ಹಾಗೇ ಇರಲಿ. ಅದರಲ್ಲಿ ಸುಳ್ಳಿದೆ ಅಮ್ಮ. ಸೊನ್ನೆ ಸುಳ್ಳು.

ಮಂಗಳವಾರ ಕೊನೆಯ ಸಲ ಗುಡ್ಡ ಜಾಲಾಡುವಾಗ ನನ್ನನ್ನು ಹಿಮನದಿಯ ಕೆಳಗಿನ ಜಲ್ಲಿಹಾದಿಗೆ ಕಾವಲು ಹಾಕಿದ್ದರು. ಕೈಯಲ್ಲಿ ಬಂದೂಕು. ತಪ್ಪಿಸಿಕೊಂಡು ಬಂದದ್ದನ್ನು ಅಲ್ಲೇ ನಿಲ್ಲಿಸುವುದು ನನ್ನ ಕೆಲಸ. ಬೆಳಗಿನಿಂದ ಬಂದದ್ದು ಪೆಂಗ್ವಿನ್‌ಗಳು ಮಾತ್ರ. ಮಧ್ಯಾಹ್ನ ಮಂಜು ಒಂದಿಷ್ಟು ತೆರೆದಾಗ ಒಂದು ಹೆಣ್ಣು ಸಾರಂಗ ನಿಂತಿತ್ತು. ಬೆಳ್ಳಗೆ. ಮೂತಿಯಿಂದ ಗೊರಸಿನವರೆಗೂ ಬಿಳಿ. ನಮ್ಮ ಹಿಂಡಿನಲ್ಲಿ ಅಂಥದ್ದೊಂದು ಹುಟ್ಟಿದರೆ ನೀನು ಮೂರು ದಿನ ಯಾರಿಗೂ ತೋರಿಸುತ್ತಿರಲಿಲ್ಲ. ಪಕ್ಕದಲ್ಲಿ ಎರಡು ತಿಂಗಳ ಗಂಡು ಕರು, ತಾಯಿಯ ಹೊಟ್ಟೆಗೆ ಒತ್ತಿಕೊಂಡು. ಮೂವತ್ತು ಮಾರು ಇರಲಿಲ್ಲ.

ಬಂದೂಕು ಎತ್ತಿದೆ. ಅದು ನನ್ನನ್ನೇ ನೋಡುತ್ತಿತ್ತು. ಹೆದರಿಕೆ ಇಲ್ಲ, ನಾನು ದಾರಿ ಬಿಡುವುದನ್ನು ಕಾಯುವವರ ಹಾಗೆ. ಕಿವಿ ಎರಡೂ ಪೂರಾ. ನಾನು ಬಂದೂಕು ಇಳಿಸಿದೆ. ಅಷ್ಟೇ ಅಲ್ಲ, ಎರಡು ಹೆಜ್ಜೆ ಪಕ್ಕಕ್ಕೆ ಸರಿದೆ. ಅದು ಕರುವನ್ನು ಒಳಬದಿಗೆ ಹಾಕಿಕೊಂಡು ನನ್ನ ಮುಂದೆಯೇ ದಾಟಿ ಆಚೆ ದಡದ ಹುಲ್ಲಿನೊಳಗೆ ಹೋಯಿತು. ಸಂಜೆ ಹಾಲ್ವರ್ ಕೇಳಿದ, ನಿನ್ನ ಕಡೆ ಏನಾದರೂ ಬಂತಾ ಎಂದು. ಪೆಂಗ್ವಿನ್ ಬಂದವು ಅಂದೆ. ಎಲ್ಲರೂ ನಕ್ಕರು.

ಯಾಕೆ ಹಾಗೆ ಮಾಡಿದೆ ಎಂದು ಕೇಳಬೇಡ. ಐದು ದಿನದಿಂದ ನಾನೂ ಅದನ್ನೇ ಕೇಳಿಕೊಳ್ಳುತ್ತಿದ್ದೇನೆ. ತಟ್ಟೆ ತೊಳೆದದ್ದನ್ನೇ ತೊಳೆಯುತ್ತೇನೆ. ದಡದ ಉದ್ದಕ್ಕೂ ನಡೆದು ಸೀಲ್ ಮರಿಗಳ ಹತ್ತಿರ ಬೈಸಿಕೊಂಡು ಬರುತ್ತೇನೆ. ಕಣ್ಣು ಮಾತ್ರ ಆಚೆ ದಡಕ್ಕೇ ಹೋಗುತ್ತದೆ.

ಇವತ್ತು ಬೆಳಿಗ್ಗೆ ಮಾವ ಬಂದು ನನ್ನ ಕೈಯಿಂದ ಪಾತ್ರೆ ಕಿತ್ತುಕೊಂಡ.

"ತಳ ತೂತು ಮಾಡ್ತೀಯಾ ಇದನ್ನ? ಕೂತ್ಕೋ."

ಕೂತೆ.

"ಬೇಲಿ ಗೂಟ ಕೀಳೋಕೆ ಆ ಕಡೆ ಹೋಗಿದ್ದೆ. ಕೆಸರಲ್ಲಿ ಗೊರಸಿನ ಗುರುತಿತ್ತು. ಒಂದು ದೊಡ್ಡದು, ಒಂದು ಚಿಕ್ಕದು" ಅಂದ. "ಬೂಟಲ್ಲಿ ಅಳಿಸಿ ಬಂದಿದೀನಿ. ಬೇರೆ ಯಾರೂ ನೋಡಿಲ್ಲ. ಸುಮ್ನಿರು."

ಅವನೇ ಮುಂದುವರಿಸಿದ. "ನಿಮ್ಮಮ್ಮ ಆವತ್ತು ಏನು ಮಾಡಿದ್ಲು ಗೊತ್ತಾ ನಿನಗೆ? ಎಣಿಸೋರು ಬರೋ ಮುಂಚೆ ಹನ್ನೊಂದು ಸಾರಂಗನ ಕಣಿವೆ ಆಚೆ ಕಟ್ಟಿ ಹಾಕಿದ್ಲು. ಒಳ್ಳೊಳ್ಳೆ ಹೆಣ್ಣುಗಳು. ನಾನೇ ಹಗ್ಗ ಹಿಡ್ಕೊಂಡಿದ್ದೆ. ನಿಮ್ಮ ಕಚೇರಿಯೋರಿಗೆ ಇವತ್ತಿಗೂ ಗೊತ್ತಿಲ್ಲ. ಪ್ರಪಂಚ ಮುಳುಗಿ ಹೋಯ್ತಾ? ಅವಳ ಹಿಂಡು ಉಳಿದಿದ್ದೇ ಆ ಹನ್ನೊಂದರಿಂದ." ನನ್ನ ಮುಖ ನೋಡಿ, "ನಾನು ಹೇಳ್ದೆ ಅಂತ ಅವಳಿಗೆ ಹೇಳ್ಬೇಡ. ಚರ್ಮ ಸುಲಿದು ಒಣಗಾಕ್ತಾಳೆ" ಅಂದ. ಕ್ಷಮಿಸು, ಹೇಳಿಬಿಟ್ಟೆ. ಅವನ ಮೇಲೆ ಸಿಟ್ಟಾಗಬೇಡ.

"ಮಾವ, ಅಲ್ಲಿ ಹನ್ನೊಂದು ಉಳಿದ್ರೆ ಅಮ್ಮನ ಹಿಂಡು ಉಳಿಯತ್ತೆ" ಅಂದೆ. "ಇಲ್ಲಿ ಎರಡು ಉಳಿದ್ರೆ ಯಾರ ಹಿಂಡು ಉಳಿಯತ್ತೆ?"

ಅವನು ಕಿಟಕಿಯ ಕಡೆ ತಿರುಗಿದ.

"ಹತ್ತೋ ಹನ್ನೆರಡೋ ತಂದು ಬಿಟ್ಟಿದ್ದಲ್ವಾ ಇಷ್ಟಾಗಿದ್ದು? ದೊಡ್ಡಿಲಿ ನೀನು ಹಣೆ ಮುಟ್ಟಿ ಮುಟ್ಟಿ ಕಳಿಸಿದ್ಯಲ್ಲ, ಅವೆಲ್ಲ ಸುಮ್ನೆ ಸತ್ತಂಗೆ ಆಗಲ್ವಾ?"

ಮಾವ ಕೈಯಲ್ಲಿದ್ದ ಪಾತ್ರೆಯನ್ನೇ ತಿರುಗಿಸಿ ನೋಡಿದ. ಆಮೇಲೆ, "ನನ್ನ ಕೈಲಿ ಆಗಲ್ಲ ಕಣೇ. ಇನ್ನೊಂದು ಸಲ ನನ್ನ ಕೈಲಿ ಆಗಲ್ಲ. ನೀನು ಹೇಳೋದಾದ್ರೆ ಹೇಳು, ನಾನು ತಡೆಯಲ್ಲ" ಅಂದು ಎದ್ದು ಹೋದ.

ನಾನು ನೇರ ಹಾಲ್ವರ್ ಹತ್ತಿರ ಹೋದೆ. ಮೊರ್ವೆನಾ ಅಲ್ಲೇ ಇದ್ದಳು. ನಿಂತುಕೊಂಡೇ ಹೇಳಿದೆ. ಅವನು ಕೂಗಾಡಿದ್ದರೆ ಚೆನ್ನಾಗಿತ್ತು. ಎಷ್ಟು ದಿನವಾಯಿತು ಎಂದ. ಐದು ಎಂದೆ. ಕರು ಹೆಣ್ಣೋ ಗಂಡೋ ಎಂದ. ಗಂಡು ಎಂದೆ. ಎದ್ದು ಹಲಗೆಯ ಮೇಲಿನ ಸೊನ್ನೆಯನ್ನು ತೋಳಿನಿಂದ ಒರೆಸಿದ, ಎರಡು ಎಂದು ಬರೆದ.

ಮೊರ್ವೆನಾ ನನ್ನ ಹಿಂದೆ ಹೊರಗೆ ಬಂದಳು. "ನಿನ್ನ ತಬ್ಕೊಂಡು ಅತ್ತೆ ನಾನು. ಆಗಲಾದ್ರೂ ಹೇಳ್ಬಾರ್ದಿತ್ತಾ?" ಅಂದಳು. "ಹದಿನಾಲ್ಕು ವರ್ಷ ಕಣೇ ರಿಸ್ತೆನ್. ಹದಿನಾಲ್ಕು ವರ್ಷದಿಂದ ಆ ದಡದಲ್ಲಿ ಒಂದು ಹುಲ್ಲು ಬಾಗಿದ್ರೂ ನನಗೆ ಗೊತ್ತಾಗ್ತಿತ್ತು." ನಾನು ತಲೆ ತಗ್ಗಿಸಿದೆ. ಅವಳು ಕೋಟಿನ ಗುಂಡಿ ಹಾಕಿಕೊಳ್ಳುತ್ತಾ, "ನಾಳೆ ದೋಣಿ ಹೊರಡತ್ತೆ. ಬರ್ತೀಯಾ, ಇಲ್ಲ ಇಲ್ಲೇ ಪಾತ್ರೆ ತಿಕ್ತಾ ಕೂರ್ತೀಯಾ?" ಅಂದಳು.

ಗುರುವಾರ, 21

ನಿನ್ನೆ ಸಂಜೆ ಮರಳಿ ಬಂದೆವು. ನಾಳೆ ಹಡಗು. ಇದನ್ನು ಇವತ್ತೇ ಮುಗಿಸಬೇಕು.

ಹಾಲ್ವರ್, ಮೊರ್ವೆನಾ, ನಾನು, ಮೂರೇ ಜನ. ಎರಡು ದಿನ ಏನೂ ಕಾಣಲಿಲ್ಲ. ಆ ದಡದಲ್ಲಿ ಕಾಲಿಡುವುದೇ ಕಷ್ಟ ಅಮ್ಮ, ಎಲ್ಲಿಟ್ಟರೂ ಯಾರದೋ ಮನೆಯ ಮಾಡು. ಅದಕ್ಕೆ ತೊರೆಯ ನೀರಿನಲ್ಲೇ ನಡೆದೆವು. ಮೊಣಕಾಲಿನವರೆಗೆ ಹಿಮ ಕರಗಿದ ನೀರು. ಮೊರ್ವೆನಾ ನನ್ನ ಜೊತೆ ಮಾತಾಡಲಿಲ್ಲ, ಆದರೆ ನಾನು ಜಾರಿದಾಗ ಕೈ ಹಿಡಿದಳು. ಎರಡನೇ ಸಂಜೆ ಅವಳೇ ಕಂಡುಹಿಡಿದದ್ದು, ಒಂದೆಡೆ ಎಳೆ ಹುಲ್ಲಿನ ತುದಿ ಕಚ್ಚಿದ್ದನ್ನು. ಸುತ್ತ ಏಳೆಂಟು ಬಿಲ ಆಗಲೇ ಕುಸಿದಿದ್ದವು. ಒಂದು ವಾರ, ಎರಡೇ ಪ್ರಾಣಿ.

ಬುಧವಾರ ಬೆಳಿಗ್ಗೆ ಕಂಡವು. ಕಲ್ಲು ಜಾರುವ ಇಳಿಜಾರಿನ ಮೇಲೆ, ಗುಂಡಿಗೆ ಎಟುಕದ ದೂರದಲ್ಲಿ. ಅವುಗಳ ಹಿಂದೆ ಕಣಿವೆ ಬಾಯಿ ತೆರೆದಿತ್ತು. ಬೆದರಿ ಅದರೊಳಗೆ ಇಳಿದರೆ ಮುಂದಿನ ಬೇಸಿಗೆಯವರೆಗೂ ಸಿಗುವುದಿಲ್ಲವೆಂದು ಹಾಲ್ವರ್ ಪಿಸುಗುಟ್ಟಿದ. ಮೂವರೂ ಹೊಟ್ಟೆಯ ಮೇಲೆ ಮಲಗಿದ್ದೆವು. ಮಳೆ ಅಡ್ಡಡ್ಡ ಬೀಳುತ್ತಿತ್ತು.

ನಾನು ಕರೀತೀನಿ ಅಂದೆ.

ಮಾವನ ಕರೆ ನನಗೆ ಬರುವುದಿಲ್ಲ. ನನಗೆ ಬರುವುದು ನಿನ್ನದು. ವಸಂತದಲ್ಲಿ ಕರು ಹಾಕುವ ಹೊತ್ತಿಗೆ ಹಿಂದೆ ಬಿದ್ದ ಹೆಣ್ಣುಗಳನ್ನು ನೀನು ಕರೆಯುತ್ತೀಯಲ್ಲ, ಮೊದಲು ಮೆಲ್ಲಗೆ, ಕೊನೆಗೆ ಸ್ವಲ್ಪ ಮೇಲಕ್ಕೆ ಎಳೆದು, ಅದು. ನಾನು ಏಳು ವರ್ಷದವಳಿದ್ದಾಗ ನಿನ್ನ ಬೆನ್ನ ಹಿಂದೆ ನಿಂತು ಕಲಿತದ್ದು. ಎದ್ದು ನಿಂತು ಹಾಗೆ ಕರೆದೆ. ಗಾಳಿ ಅರ್ಧ ತಿಂದುಹಾಕಿತು. ಮತ್ತೆ ಕರೆದೆ.

ಬಂತು ಅಮ್ಮ. ಕರೆದರೆ ಬಂತು. ಕಲ್ಲು ಉರುಳಿಸಿಕೊಂಡು ಸೀದಾ ಇಳಿದು ಬಂತು, ಕರು ಹಿಂದೆ ಎಡವುತ್ತಾ. ಇಪ್ಪತ್ತು ಮಾರು ದೂರದಲ್ಲಿ ನಿಂತು ಮೂಗು ಎತ್ತಿ ನನ್ನ ವಾಸನೆ ಹಿಡಿಯಿತು. ಇನ್ನೂ ಎರಡು ಹೆಜ್ಜೆ ಹತ್ತಿರ ಬಂತು. ಹಾಲ್ವರ್ ಬಂದೂಕು ಸರಿಮಾಡಿಕೊಂಡದ್ದು ಕೇಳಿಸಿತು. ಬೇಡ, ನಾನೇ ಅಂದೆ. ತಾಯಿಗೆ ಮೊದಲು. ಕರು ಓಡಲಿಲ್ಲ. ತಾಯಿ ಮಲಗಿದೆ ಅಂದುಕೊಂಡು ಪಕ್ಕದಲ್ಲಿ ನಿಂತಿತ್ತು. ಮರುಗಳಿಗೆಯಲ್ಲೇ ಅದಕ್ಕೂ.

ಆಮೇಲೆ ನಾನು ಎಷ್ಟು ಹೊತ್ತು ನೆಲಕ್ಕೆ ಮುಖ ಹಾಕಿ ಮಲಗಿದ್ದೆನೋ ಗೊತ್ತಿಲ್ಲ. ಕಂದು ಬಣ್ಣದ ದೊಡ್ಡ ಹಕ್ಕಿಗಳು ಆಗಲೇ ಸುತ್ತ ಇಳಿಯುತ್ತಿದ್ದವು. ನನ್ನ ಕಿವಿಯ ಕೆಳಗೆ, ಮಣ್ಣಿನೊಳಗಿಂದ, ಒಂದು ಮರಿ ಬಿಡದೆ ಕಿರುಗುಟ್ಟುತ್ತಿತ್ತು, ತಾಯಿ ಸಮುದ್ರದಿಂದ ಬಂದಿಲ್ಲವೆಂದು. ಮೊರ್ವೆನಾ ಬಂದು ಪಕ್ಕದಲ್ಲಿ ಕೂತಳು. ನನ್ನ ಬೆನ್ನ ಮೇಲೆ ಕೈ ಇಟ್ಟಳು.

ಇಲ್ಲಿಗೆ ಬಂದಾಗ ಮಾವ ಒಲೆಯ ಮುಂದೆ ಕಾಫಿ ಕಾಸುತ್ತಿದ್ದ. ನನ್ನ ಕಡೆ ತಿರುಗಲಿಲ್ಲ.

"ಕರೆದ್ಯಂತೆ."

"ಹೂಂ."

"ಬಂತಂತೆ."

"ಹೂಂ."

"ಅಕ್ಕನ ಕರೆನಾ?"

ಅವನು ಕಾಫಿ ಬಗ್ಗಿಸಿ ನನ್ನ ಕೈಗೆ ಲೋಟ ಕೊಟ್ಟು, ಟೋಪಿ ಹಾಕಿಕೊಂಡು ಮಳೆಯಲ್ಲೇ ಬೇಲಿಯ ಗೂಟ ಕೀಳಲು ಹೋದ. ಪೂರಾ ಕತ್ತಲಾಗುವವರೆಗೂ ಒಬ್ಬನೇ ಕೀಳುತ್ತಿದ್ದ.

ನಿನ್ನ ಕರೆಯಿಂದ ಕರೆದು ಕೊಂದೆ. ಅದಕ್ಕೆ ನಿನ್ನ ಕ್ಷಮೆ ಕೇಳುತ್ತೇನೆ ಅಮ್ಮ. ಆ ಎರಡನ್ನು ಕೊಂದದ್ದಕ್ಕೆ ಕೇಳುವುದಿಲ್ಲ, ಬಿಟ್ಟದ್ದಕ್ಕೆ ಕೇಳಬೇಕಾದವರ ಹತ್ತಿರ ಕೇಳಿ ಆಗಿದೆ. ಹಲಗೆಯ ಮೇಲೆ ಈಗ ಮತ್ತೆ ಸೊನ್ನೆ ಇದೆ. ಕೇಕ್ ಯಾರೂ ಮಾಡಲಿಲ್ಲ. ಆದರೂ ನಿನ್ನೆ ಊಟಕ್ಕೆ ಕೂತವಳು ಏಳದೆ ಊಟ ಮುಗಿಸಿದೆ.

ನಾನು ಏಪ್ರಿಲ್‌ಗೆ ಊರಿಗೆ ಬರುತ್ತೇನೆ. ಬೇಸಿಗೆಯಲ್ಲಿ ಕರುಗಳ ಕಿವಿಗೆ ಗುರುತು ಹಾಕುವಾಗ ನಿನಗೆ ಕೈಯಾಳು ಬೇಕಾಗುತ್ತದೆ. ದೊಡ್ಡಿಯ ಹೊರಗೆ ನಿಲ್ಲು ಅಂದರೆ ಹೊರಗೆ ನಿಲ್ಲುತ್ತೇನೆ. ಬರಲೇಬೇಡ ಅಂದರೂ ಬರುತ್ತೇನೆ, ಇದನ್ನು ಈಗಲೇ ಹೇಳಿಬಿಡುತ್ತೇನೆ.

ನಿನ್ನ ಮಗಳು
ರಿಸ್ತೆನ್

ಮರೆತಿದ್ದು: ಮಾವ ಹನ್ನೊಂದರ ಗುಟ್ಟು ಹೇಳಿದಾಗ ನಾನು ಆಗಷ್ಟೇ ಕೇಳಿದವಳ ಹಾಗೆ ಕೂತಿದ್ದೆ. ಅವನನ್ನು ನಿರಾಶೆ ಮಾಡಲು ಮನಸ್ಸಾಗಲಿಲ್ಲ. ಎಣಿಕೆಯ ಹಿಂದಿನ ದಿನ ನಾನು ಆ ಕಣಿವೆಯ ಮೇಲಿನ ಬಂಡೆಯಲ್ಲಿದ್ದೆ ಅಮ್ಮ, ಪಟ್ಟಿ ಕೈಯಲ್ಲಿ ಹಿಡಿದು. ನೀನು ಒಂದೊಂದರ ಬಾಯಿಗೂ ಕಲ್ಲುಹೂವು ಹಿಡಿದು ಸದ್ದಾಗದಂತೆ ನೋಡಿಕೊಳ್ಳುತ್ತಿದ್ದೆ. ಮಾವ ಹಗ್ಗ ಹಿಡಿದು ತೂಕಡಿಸುತ್ತಿದ್ದ. ಹನ್ನೊಂದನ್ನೂ ಎಣಿಸಿದೆ, ಒಂದನ್ನೂ ಬರೆಯಲಿಲ್ಲ. ವಾರದೊಳಗೆ ಆ ಕೆಲಸ ಬಿಟ್ಟೆ. ಸುಳ್ಳು ಲೆಕ್ಕಕ್ಕೆ ಸಹಿ ಹಾಕಿದ ಮೇಲೆ ಆ ಕುರ್ಚಿಯಲ್ಲಿ ಕೂರಲು ಆಗಲಿಲ್ಲ. ನೀನು ಅದನ್ನು ನಾಚಿಕೆ ಅಂದುಕೊಂಡೆ, ನಾನೂ ತಿದ್ದಲಿಲ್ಲ. ಆವತ್ತು ನಾನಿದ್ದದ್ದು ಕೂಗಿದರೆ ನಿನಗೆ ಕೇಳುವಷ್ಟು ಹತ್ತಿರ. ಕೂಗಲಿಲ್ಲ.